ಇಲ್ಲ ಎಂಬಲ್ಲಿ ಹಾಕಿದ ಗುರುತು

ಮೂರನೆಯ ಪೀರಿಯಡ್ಡಿನಲ್ಲಿ, ಬೋರ್ಡಿನ ಮೇಲೆ ಜೀವಕೋಶದ ಪೊರೆಯನ್ನು ಎರಡು ಸಾಲು ಸೊನ್ನೆಗಳಾಗಿ ಬರೆಯುತ್ತಿದ್ದಾಗ, ಗುರುಬಸವರಾಜನ ಜೇಬಿನಲ್ಲಿ ಫೋನು ನಡುಗಿತು. ಅವನು ಕೈ ನಿಲ್ಲಿಸಲಿಲ್ಲ. ಸೊನ್ನೆಯ ಪಕ್ಕಕ್ಕೆ ಸೊನ್ನೆ, ಪ್ರತಿ ಸೊನ್ನೆಗೂ ಎರಡು ಬಾಲ. ಹದಿನಾರು ವರ್ಷದಿಂದ ಬರೆದ ಚಿತ್ರವಾದ್ದರಿಂದ ಕೈಗೆ ತಲೆಯ ಹಂಗಿರಲಿಲ್ಲ. ಫೋನು ನಡುಗುವಷ್ಟು ನಡುಗಿ ಸುಮ್ಮನಾಯಿತು. ಅದು ನಿಂತ ಮೇಲೂ ಎದೆಯ ಎಡಭಾಗದ ಚರ್ಮ ಸ್ವಲ್ಪ ಹೊತ್ತು ನಡುಗುತ್ತಲೇ ಇದೆ ಎನ್ನಿಸಿತು. ಗುರುವಾರ ಮಧ್ಯಾಹ್ನದೊಳಗೆ ಹೇಳುತ್ತೇವೆ ಎಂದಿದ್ದರು. ಇವತ್ತು ಗುರುವಾರ. ಬೆಳಿಗ್ಗೆ ಎದ್ದಾಗಿನಿಂದ ಅವನು ಈ ದಿನವನ್ನು ಬುಧವಾರದ ಹಾಗೆಯೇ ನಡೆಸಿಕೊಂಡು ಬಂದಿದ್ದ: ಬುಧವಾರದ ಷರ್ಟನ್ನೇ ಹಾಕಿದ್ದ, ಬುಧವಾರ ಮಾಡಿ ಮುಗಿಸಿದ್ದ ಪಾಠವನ್ನೇ ಮತ್ತೆ ಶುರು ಮಾಡಿದ್ದ, ಮಕ್ಕಳೂ ಏನೂ ಅನ್ನದೆ ಬರೆದುಕೊಳ್ಳುತ್ತಿದ್ದರು.

"ಸರ್" ಎಂದಳು ಮುಂದಿನ ಬೆಂಚಿನ ಹುಡುಗಿ. "ಬಾಗ್ಲೇ ಬಿಟ್ಟಿಲ್ಲಲ್ಲ ಸರ್. ಉಪ್ಪು ಹೆಂಗೆ ಹೊರಗೆ ಬರ್ತೈತೆ?"

"ಕಿಟಕಿ ಹಾರಿ ಬರ್ತೈತೆ ಬಿಡೇ" ಎಂದು ಹಿಂದಿನಿಂದ ಯಾರೋ ಅಂದರು. ಕ್ಲಾಸು ನಕ್ಕಿತು.

ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನಿಜ. ಸೊನ್ನೆಗಳು ಬೋರ್ಡಿನ ಈ ಅಂಚಿನಿಂದ ಆ ಅಂಚಿನವರೆಗೆ ಒಂದಕ್ಕೊಂದು ಒತ್ತಿ ನಿಂತಿದ್ದವು. ಕೊನೆಯ ಎರಡನ್ನು ಅವನು ಮರದ ಚೌಕಟ್ಟಿನ ಮೇಲೇ ಬರೆದಿದ್ದ. ಸೋಡಿಯಂ ದಾಟಲು ಒಂದು ಸಂದು, ಕ್ಲೋರೈಡ್ ದಾಟಲು ಒಂದು ಸಂದು, ಅಷ್ಟು ಬಿಡಬೇಕಿತ್ತು. ಡಸ್ಟರ್ ತೆಗೆದುಕೊಂಡು ಯಾವ ಸೊನ್ನೆಯನ್ನು ಅಳಿಸಲಿ ಎಂದು ನಿಂತ. ಯಾವುದನ್ನು ಅಳಿಸಿದರೂ ಆಗುತ್ತಿತ್ತು. ಆದರೆ ಕೈ ಮೇಲೇಳಲಿಲ್ಲ. ಫೋನು ಮತ್ತೆ ನಡುಗಿತು. "ಇವತ್ತಿಗೆ ಸಾಕು" ಎಂದು ಅವನು ಹೊರಗೆ ಬಂದಾಗ ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು.

ಸ್ಟಾಫ್ ರೂಮಿನಲ್ಲಿ ಫಿಸಿಕ್ಸಿನ ರಂಗನಾಥ್ ಒಬ್ಬರೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಗುರುಬಸವರಾಜ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟು ಅದರ ಎದುರಿಗೆ ಕೂತ. ಇಟ್ಟ ಕೂಡಲೇ ಅದು ಮೂರನೆಯ ಸಲ ನಡುಗುತ್ತ ಮೇಜಿನ ಮೇಲೆ ಒಂದು ಬೆರಳಷ್ಟು ದೂರ ತೆವಳಿತು.

"ಎತ್ರಿ ಮೇಷ್ಟ್ರೇ, ಬಡ್ಕೊಂತೈತೆ ಪಾಪ" ಎಂದರು ರಂಗನಾಥ್. ಕತ್ತು ಚಾಚಿ ನೋಡಿದರು. "ಮಸರತ್ ಅಂತೈತಲ್ರೀ! ಹೆಂಡ್ತಿ ತವರಿಗೆ ಹೋಗಿ ಒಂದು ವಾರ ಆಗಿಲ್ಲ, ಆಗ್ಲೇ ಶುರುವಾತಾ?"

"ಲ್ಯಾಬಿಂದು" ಎಂದ ಅವನು.

ರಂಗನಾಥ್ ಕೈಲಿದ್ದ ಕಡಲೆಕಾಯಿಯನ್ನು ಕೆಳಗಿಟ್ಟರು. ಮಗಳ ವಿಷಯ ಅವರಿಗೆ ಗೊತ್ತಿತ್ತು. "ಎತ್ರಿ ಮತ್ತೆ" ಎಂದರು, ಈ ಸಲ ಬೇರೆ ದನಿಯಲ್ಲಿ. ಅವನು ಎತ್ತಲಿಲ್ಲ. ಎತ್ತಿದರೆ ಒಂದು ಹುಡುಗಿಯ ದನಿ ಎರಡು ಪದಗಳಲ್ಲಿ ಒಂದನ್ನು ಹೇಳುತ್ತದೆ. ಹೇಳುವವರೆಗೂ ಎರಡೂ ಇವೆ. ಹೀಗೆ ಯೋಚಿಸುವುದು ಮೂರ್ಖತನವೆಂದೂ, ಆ ನಾಲ್ಕು ಚೂರುಗಳು ಹೇಳುವುದನ್ನು ಹೋದ ವಾರವೇ ಹೇಳಿ ಮುಗಿಸಿ ಈಗ ಯಾವುದೋ ಬಕೆಟ್ಟಿನಲ್ಲಿ ಬಿದ್ದಿವೆಯೆಂದೂ ಅವನಿಗೆ ಗೊತ್ತಿತ್ತು. ಫೋನು ಸುಮ್ಮನಾಯಿತು. ಅದನ್ನು ಜೇಬಿಗೆ ಹಾಕಿಕೊಂಡು, ಅರ್ಧ ದಿನದ ರಜೆ ಬರೆದುಕೊಟ್ಟು, ಹೆಂಡತಿಯ ತವರಾದ ನ್ಯಾಮತಿಯ ಬಸ್ಸು ನಿಲ್ಲುವ ಕಡೆಗೆ ನಡೆದ.

ನಾಲ್ಕು ಚೂರು, ಒಂದೊಂದೂ ನುಚ್ಚಿನ ಕಾಳಿನಷ್ಟು. ಮಗಳು ರೂಪಶ್ರೀಯ ಕರುಳಿನ ಕೊನೆಯ ತುದಿಯಿಂದ, ಒಂದು ಸಣ್ಣ ನಳಿಕೆ ಹಾಕಿ ತೆಗೆದದ್ದು. ಆ ಜಾಗಕ್ಕೆ ನೋವು ಗೊತ್ತಾಗುವುದಿಲ್ಲ ಎಂದು ಬೆಂಗಳೂರಿನ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದರೂ ರೂಪಿ ಅತ್ತಳು. ನಾಲ್ಕು ವರ್ಷದ ಅವಳಿಗೆ ಬೇರೆಯವರ ಎದುರು ಚಡ್ಡಿ ತೆಗೆಯಬಾರದೆಂದು ಇತ್ತೀಚೆಗಷ್ಟೇ ಕಲಿಸಿದ್ದರು. ಕಲಿಸಿದವರೇ ತೆಗೆದು ಹಿಡಿದುಕೊಂಡು ನಿಂತಿದ್ದರು. ಅವಳು ಅಳುತ್ತ ಅಪ್ಪನ ಮುಖ ನೋಡದೆ ಅವನ ಷರ್ಟಿನ ಗುಂಡಿಯನ್ನೇ ನೋಡುತ್ತಿದ್ದಳು. ಆಮೇಲೆ ಆ ಚೂರುಗಳನ್ನು ತಣ್ಣನೆಯ ದ್ರಾವಣದಲ್ಲಿ ಮುಳುಗಿಸಿ ಒಬ್ಬ ಹುಡುಗಿ ಹಿಂದಿನ ಕಟ್ಟಡಕ್ಕೆ ಓಡಿದಂತೆಯೇ ಹೋದಳು. ಅವನು ಹಿಂದೆಯೇ ಹೋಗಿ, ತಾನು ಬಯಾಲಜಿ ಲೆಕ್ಚರರ್ ಎಂದು, ನೋಡಬಹುದೇ ಎಂದು ಕೇಳಿದ. ಹಾಗೆ ಕೇಳುವಾಗ ದನಿಗೆ ತಾನಾಗಿ ಒಂದು ಗತ್ತು ಬಂದದ್ದನ್ನು ಗಮನಿಸಿ ಆಗಲೇ ನಾಚಿಕೆಪಟ್ಟಿದ್ದ.

"ಬರ್ರಿ ಸರ್, ಆದ್ರೆ ಏನೂ ಮುಟ್ಟಂಗಿಲ್ಲ" ಎಂದಳು ಅವಳು. ಮಾತಿನಲ್ಲೇ ಊರು ಗೊತ್ತಾಯಿತು. ಚನ್ನಗಿರಿಯವಳು, ಮಸರತ್. ಅವಳ ಅಪ್ಪ ಬುಡನ್‌ಸಾಬರದ್ದು ಅಲ್ಲಿ ಪಂಪ್‌ಸೆಟ್ಟಿನ ಮೋಟಾರ್ ರಿವೈಂಡಿಂಗ್ ಅಂಗಡಿ. ಸೂಳೆಕೆರೆ ಸುತ್ತಿನ ಮೋಟಾರೆಲ್ಲ ಸುಟ್ಟರೆ ಅಲ್ಲಿಗೇ ಬರುವುದು. "ಅಬ್ಬಾ ಮೋಟಾರಿನ ಕರೆಂಟು ನೋಡ್ತಾರೆ, ನಾನು ಕರುಳಿನ ಕರೆಂಟು. ಮನೇಲಿ ಹೇಳಿದ್ರೆ ನಗ್ತಾರೆ ಸರ್, ಕರುಳಿಗೂ ಕರೆಂಟ್ ಇರ್ತೈತಾ ಅಂತ."

ಇತ್ತು. ಬೆಂಕಿಪೊಟ್ಟಣದಷ್ಟಿನ ಎರಡು ಪ್ಲಾಸ್ಟಿಕ್ ಕೋಣೆಗಳು, ನಡುವಿನ ಗೋಡೆಯಲ್ಲಿ ಒಂದು ಸಣ್ಣ ತೂತು, ಆ ತೂತಿಗೆ ಪರದೆಯ ಹಾಗೆ ರೂಪಿಯ ಒಂದು ಚೂರು. ಎರಡೂ ಕಡೆ ಮೈ ಬಿಸಿಯಷ್ಟೇ ಬಿಸಿಯ ಉಪ್ಪುನೀರು, ಅದರೊಳಗೆ ಗುಳುಗುಳು ಏಳುವ ಗಾಳಿ, ಎರಡು ತಂತಿ. ಮೈಯಿಂದ ಬೇರೆಯಾದರೂ ಆ ಚೂರು ಇನ್ನೂ ಬದುಕಿರುತ್ತದೆ, ಉಪ್ಪನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಲೇ ಇರುತ್ತದೆ. ದಾಟುವ ಪ್ರತಿ ಕಣವೂ ಒಂದಿಷ್ಟು ವಿದ್ಯುತ್ತು. ಅದು ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ. ಮಸರತ್ ಮೊದಲು ಸೋಡಿಯಂ ದಾರಿ ಮುಚ್ಚುವ ಔಷಧಿ ಹಾಕಿದಳು. ಗೆರೆ ಸ್ವಲ್ಪ ಇಳಿಯಿತು. ಹಾಗೇ ಆಗಬೇಕು ಎಂದಳು. ಆಮೇಲೆ ಕ್ಲೋರೈಡಿನ ಬಾಗಿಲನ್ನು ತೆರೆಯೆಂದು ಕೇಳುವ ಔಷಧಿ. ಆರೋಗ್ಯದ ಕರುಳಾದರೆ ಗೆರೆ ಮೇಲೇಳಬೇಕು. ಏಳಲಿಲ್ಲ. ಕೊನೆಯದಾಗಿ, ಜೋರಾಗಿ ದೂಡುವ ಔಷಧಿ. ಇಲ್ಲಿ ಗೆರೆ ಎದ್ದು ಜಿಗಿಯುತ್ತದೆ ಎಂದು ಅವನು ಮೂರು ರಾತ್ರಿ ಕೂತು ಓದಿಕೊಂಡಿದ್ದ. ಗೆರೆ ಕೆಳಗೆ ಬಾಗಿತು. ಕರೆದರೂ ಏಳಲಾರದವನು ತಲೆ ತಗ್ಗಿಸುವ ಹಾಗೆ, ಒಂಚೂರೇ ಚೂರು ಬಾಗಿ, ಮತ್ತೆ ನೇರವಾಗಿ ಹೋಯಿತು.

"ಗುಳ್ಳೆ ಸಿಕ್ಕಿಕೊಂಡಿರಬಹುದಾ?" ಎಂದು ಕೇಳಿದ.

"ಇರಬಹುದು ಸರ್" ಎಂದಳು ಮಸರತ್, ಅವನ ಕಡೆ ನೋಡದೆ. "ಇನ್ನೂ ಮೂರು ಅವೆ. ಒಂದನ್ನ ನೋಡಿ ಹೇಳಾಕೆ ಬರಲ್ಲ. ದೊಡ್ಡೋರು ಕೂತು, ಹಳೇ ಗೆರೆಗಳ ಜೊತೆ ಇಟ್ಟು ಓದಿ ಹೇಳ್ತಾರೆ. ನೀವು ಹೊರಗೆ ಕೂತಿರ್ರಿ."

ಹೊರಗೆ ಬೆಂಚಿನ ಮೇಲೆ ಹೆಂಡತಿ ಶಿವಲೀಲಾ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಏನಾಯಿತು ಎಂದು ಬಾಯಲ್ಲಿ ಕೇಳಲಿಲ್ಲ, ಹುಬ್ಬಿನಲ್ಲಿ ಕೇಳಿದಳು. "ಚೆನ್ನಾಗಿ ಆಯ್ತು" ಎಂದ. ಅವಳು ಅದನ್ನು ಯಾವ ಅರ್ಥದಲ್ಲಿ ತೆಗೆದುಕೊಂಡಳೋ ಅವನು ಕೇಳಲಿಲ್ಲ. ತಾನು ಹೇಳಿದ್ದು ಕೆಲಸ ಚೆನ್ನಾಗಿ ಆಯಿತೆಂದು. ಅದು ಸುಳ್ಳಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ರಸ್ತೆಯ ಒಂದು ಅಂಚಿನುದ್ದಕ್ಕೂ ಮೆಕ್ಕೆಜೋಳ ಹರವಿದ್ದರು. ಬಸ್ಸು ಅದನ್ನು ತಪ್ಪಿಸಿಕೊಂಡು ವಾಲಿ ವಾಲಿ ಹೋಗುತ್ತಿತ್ತು. ಪ್ರತಿ ಸಲ ವಾಲಿದಾಗಲೂ ಪಕ್ಕದ ಮುದುಕ ಇವನ ಮೇಲೆ ಬಿದ್ದು, "ತಪ್ಪು ತಿಳೀಬ್ಯಾಡ್ರಿ ಯಜಮಾನ್ರೇ" ಅನ್ನುತ್ತಿದ್ದ. ಜೇಬಿನ ಫೋನು ಸುಮ್ಮನಿತ್ತು. ಮಸರತ್ ಕೂಡ ಬೇಸತ್ತಿರಬೇಕು. ಕರುಳಿನ ಈ ಪರೀಕ್ಷೆ ಬೇಕಾದದ್ದೇ ಬೇರೆ ಪರೀಕ್ಷೆಗಳು ಹೌದೆಂದೂ ಇಲ್ಲವೆಂದೂ ಹೇಳದೆ ಹೋದದ್ದರಿಂದ. ಬೆವರಿನ ಉಪ್ಪು ಅಳೆದರು. ರೋಗ ಎನ್ನಲು ಕಡಿಮೆ, ಇಲ್ಲ ಎನ್ನಲು ಹೆಚ್ಚು. ರಕ್ತ ತೆಗೆದು ಜೀನ್ ಓದಿದರು. ಒಂದು ಕಡೆ ಒಂದು ಅಕ್ಷರ ಬದಲಾಗಿದೆ, ತಾಯಿಯಿಂದ ಬಂದ ಪ್ರತಿಯಲ್ಲೂ ಅದೇ, ತಂದೆಯಿಂದ ಬಂದದ್ದರಲ್ಲೂ ಅದೇ. ಆದರೆ ಆ ಬದಲಾವಣೆಯನ್ನು ಹಿಂದೆ ಯಾರೂ ಕಂಡು ಬರೆದಿಟ್ಟಿಲ್ಲ. "ಇದು ಸಿಸ್ಟಿಕ್ ಫೈಬ್ರೋಸಿಸ್ ತರುತ್ತೋ ಇಲ್ವೋ ಯಾವ ಪುಸ್ತಕದಲ್ಲೂ ಇಲ್ಲ. ಮಗುವಿನ ಕರುಳನ್ನೇ ಕೇಳಬೇಕು" ಎಂದಿದ್ದರು ಡಾಕ್ಟರಮ್ಮ. ಉಪ್ಪು ದಾಟಲಾರದೆ ಎದೆಯಲ್ಲಿ ಕಫ ಗಟ್ಟಿಯಾಗಿ ಕೂರುವ ಆ ರೋಗದ ಹೆಸರು ಅವನ ಪಠ್ಯಪುಸ್ತಕದಲ್ಲಿ ಒಂದು ಪಟ್ಟಿಯ ನಡುವೆ ಬರುತ್ತದೆ, ಹಿಮೋಫೀಲಿಯ ಆದ ಮೇಲೆ. ವರ್ಷಕ್ಕೊಂದು ಸಲ ಅವನು ಆ ಪಟ್ಟಿಯನ್ನು ಡಿಕ್ಟೇಟ್ ಮಾಡಿಸುತ್ತಾನೆ. ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ಅದೇನೆಂದು ಒಂದು ಸಲವೂ ವಿವರಿಸಿಲ್ಲ, ಒಂದು ಮಗುವೂ ಕೇಳಿಲ್ಲ.

ರೂಪಿಗೆ ಎರಡು ವರ್ಷವಿದ್ದಾಗ ಶಿವಲೀಲಾ ಒಂದು ದಿನ ಅವಳ ಹಣೆಗೆ ಮುತ್ತು ಕೊಟ್ಟು ತುಟಿ ಒರೆಸಿಕೊಂಡು, "ಕೂಸು ಉಪ್ಪುಪ್ಪು ಐತಲ್ಲ" ಎಂದಿದ್ದಳು. ಅವಳ ತಾಯಿ ಬಂಗಾರಮ್ಮ ಹಿಂದಿನ ಸಂಜೆಯಷ್ಟೇ ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದಿದ್ದರು. "ದೃಷ್ಟಿ ಉಪ್ಪು ಕಣೇ, ಹತ್ಕೊಂಡಿರ್ತೈತೆ, ಸ್ನಾನ ಮಾಡಿಸು" ಎಂದರು. ಸ್ನಾನ ಮಾಡಿಸಿದರು. ಮರುದಿನವೂ ಉಪ್ಪು. ಯಾರದ್ದೋ ಕಣ್ಣು ಗಟ್ಟಿಯಾಗಿಯೇ ಬಿದ್ದಿದೆ ಎಂದು ಬಂಗಾರಮ್ಮ ಮತ್ತೆ ನೀವಾಳಿಸಿದರು; ಮತ್ತೆ ಉಪ್ಪು. ಅಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಅವನು ಇಬ್ಬರನ್ನೂ ನೋಡಿ ನಕ್ಕಿದ್ದ. ಮೌಢ್ಯವನ್ನು ಕಂಡು ನಗುವ ಓದಿದವನ ನಗು. ಮಗುವಿನ ಹಣೆಗೆ ತನ್ನ ನಾಲಿಗೆಯನ್ನು ಮಾತ್ರ ಇಟ್ಟು ನೋಡಿರಲಿಲ್ಲ.

ಬಂಗಾರಮ್ಮ ಅವನ ಅಕ್ಕ. ಅವ್ವ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಮದುವೆಯಾಗಿ ನ್ಯಾಮತಿಯಲ್ಲಿದ್ದ ಅಕ್ಕ ಬಂದು ಕರೆದುಕೊಂಡು ಹೋಗಿ, ಓದಿಸಿ, ಉಣ್ಣಿಸಿ, ಆಮೇಲೆ ಅವಳ ಗಂಡ ಸತ್ತು, ಮಗಳು ಶಿವಲೀಲಾ ಡಿಗ್ರಿ ಮುಗಿಸಿದ ವರ್ಷ, "ಹೊರಗೆ ಕೊಟ್ಟು ಹೆಂಗಿರ್ತಾಳೋ ಅಂತ ನಾನು ಕಾಯಲಾರೆ ಕಣೋ ಗುರು, ನೀನೇ ಮಾಡ್ಕೊ" ಎಂದಿದ್ದಳು. ಇಲ್ಲ ಎನ್ನಬಹುದಿತ್ತು. ಇಲ್ಲ ಎನ್ನಲು ಬೇಕಾದದ್ದೆಲ್ಲ ಅವನಿಗೆ ಗೊತ್ತಿತ್ತು. ವಂಶವೃಕ್ಷದ ಚಿತ್ರದಲ್ಲಿ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಒಂದು ಗೆರೆ, ರಕ್ತಸಂಬಂಧದ ಮದುವೆಗೆ ಎರಡು ಗೆರೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸಿದವನು ಅವನು. ಅಕ್ಕನಿಗೆ ಇಲ್ಲ ಎನ್ನಲಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡದ್ದು ಅರ್ಧ ನಿಜ. ಇನ್ನರ್ಧ, ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದ ಆ ಹುಡುಗಿ ಅವನಿಗೂ ಬೇಕೆನಿಸಿದ್ದು. ಚಿಕ್ಕಂದಿನಿಂದ ಅವಳು ಅವನನ್ನು ಮಾಮ ಎನ್ನುತ್ತಿದ್ದಳು. ಮದುವೆಯಾದ ಮೇಲೂ ಅದೇ ಉಳಿಯಿತು. ನಮ್ಮ ಕಡೆ ಅದು ಯಾರ ಕಿವಿಗೂ ಚುಚ್ಚುವ ಮಾತಲ್ಲ.

ಬೆಂಗಳೂರಿನಲ್ಲಿ ಚುಚ್ಚಿತು. ಡಾಕ್ಟರಮ್ಮ ಕೇರಳದವರು, ಕನ್ನಡವನ್ನು ಎಚ್ಚರಿಕೆಯಿಂದ ಆಡುತ್ತಿದ್ದರು. ಶಿವಲೀಲಾ ಕೈ ಚಾಚಿ, "ಮಾಮ, ಆ ಹಳೇ ಎಕ್ಸರೇ ಕೊಡ್ರಿ" ಎಂದಳು. ಡಾಕ್ಟರಮ್ಮ ಅವನ ಕಡೆ ನೋಡಿ ಸೌಜನ್ಯದಿಂದಲೇ, "ಮಾವನವರು ಸ್ವಲ್ಪ ಹೊರಗೆ ಕೂತುಕೊಳ್ಳಲಿ. ಮಗುವಿನ ತಂದೆ ಬಂದಿಲ್ವಾ?" ಎಂದರು. "ಇವರೇ ತಂದೆ" ಎಂದಳು ಶಿವಲೀಲಾ. ಡಾಕ್ಟರಮ್ಮನ ಪೆನ್ನು ನಿಂತಿತು. ಅವರು ಹಳೆಯ ಫೈಲನ್ನು ಹಿಂದಕ್ಕೆ ತಿರುವಿ ಮೊದಲ ಹಾಳೆಗೆ ಬಂದರು. "ಇಲ್ಲಿ ರಕ್ತಸಂಬಂಧ ಇಲ್ಲ ಅಂತ ಇದೆಯಲ್ಲ?" ಶಿವಲೀಲಾ ಬಗ್ಗಿಯೂ ನೋಡದೆ, "ಯಾರೋ ತಪ್ಪು ಬರೆದಿರಬೇಕು ಮೇಡಂ, ನಾನು ಇವರ ಸ್ವಂತ ಅಕ್ಕನ ಮಗಳು" ಎಂದಳು. ಅವನು ನೆಲದ ಟೈಲ್ಸಿನ ಚುಕ್ಕೆಗಳನ್ನು ನೋಡುತ್ತಿದ್ದ. ಅವತ್ತಿನಿಂದ ಅವಳು ಮಾಮ ಎನ್ನುವುದನ್ನು ಬಿಟ್ಟಳು. ಉಳಿದ ಹೆಂಗಸರ ಹಾಗೆ ಬರೀ 'ರೀ' ಅನ್ನತೊಡಗಿದಳು, ಯಾರದ್ದೋ ಮನೆಯ ಪಾತ್ರೆಯನ್ನು ಕೇಳಿ ತಂದು ಬಳಸುವವಳ ಹಾಗೆ.

ಆ ಹಾಳೆಯನ್ನು ತುಂಬಿದವನು ಅವನೇ. ಹೋದ ವರ್ಷ ಸೆಪ್ಟೆಂಬರಿನಲ್ಲಿ, ರೂಪಿಯ ಕೆಮ್ಮು ನಿಲ್ಲದೆ ದಾವಣಗೆರೆಯ ಒಂದು ಮಕ್ಕಳ ಆಸ್ಪತ್ರೆಗೆ ಹೋದಾಗ. ಶಿವಲೀಲಾ ಮಗುವನ್ನು ಎತ್ತಿಕೊಂಡು ಹೊರಗೆ ಹಾಲು ಕುಡಿಸುತ್ತಿದ್ದಳು. ಒಳಗಿನಿಂದ ಬಂದ ಹೊಸ ಡಾಕ್ಟರು ಇವನನ್ನು ಕಂಡವನೇ ಬಗ್ಗಿ ಕಾಲು ಮುಟ್ಟಿದ. "ಸರ್, ನಾನು ಸುದೀಪ್ ಸರ್. ಜಗಳೂರು ಕಾಲೇಜು. ಬಿಳಿಚೋಡಿಂದ ಬರ್ತಿದ್ದೆನಲ್ಲ." ಗುರುಬಸವರಾಜನಿಗೆ ನೆನಪಾಯಿತು, ನೆನಪಾಗಬಾರದಿದ್ದ ರೀತಿಯಲ್ಲೇ. ತಾನು ಜಗಳೂರಿನಲ್ಲಿ ಪಾಠ ಮಾಡುತ್ತಿದ್ದಾಗ, ಎರಡು ಗೆರೆಯ ಚಿತ್ರ ಬರೆದು, "ಓದಿದೋರು ಈ ಎರಡನೇ ಗೆರೆ ಎಳೀಬಾರದು" ಎಂದಿದ್ದ ದಿನ, ಕೊನೆಯ ಬೆಂಚಿನಿಂದ ಇದೇ ಸುದೀಪ ಎದ್ದು, "ಸರ್, ನಮ್ಮವ್ವನೂ ನಮ್ಮಪ್ಪಗೆ ಅಕ್ಕನ ಮಗಳು ಸರ್. ನಾನು ಚೆನ್ನಾಗೇ ಇದೀನಲ್ಲ?" ಎಂದಿದ್ದ. "ಅದಕ್ಕೇ ಏನಪ್ಪ ಟೆಸ್ಟಿನಾಗೆ ಎಂಟು ಬಂದಿರೋದು?" ಎಂದಿದ್ದ ಇವನು. ಕ್ಲಾಸು ಬೆಂಚು ಬಡಿದು ನಕ್ಕಿತು. ಹುಡುಗ ಕೂತ. ಕೂತದ್ದು ಸರಿಯಾಗಿ ನೆನಪಿದೆ: ನಿಧಾನವಾಗಿ, ಬೆಂಚು ಇದೆಯೋ ಇಲ್ಲವೋ ಎಂದು ಕೈಯಲ್ಲಿ ಮುಟ್ಟಿ ನೋಡಿಕೊಂಡು.

ಆ ಹುಡುಗ ಈಗ ಬಿಳಿ ಕೋಟು ಹಾಕಿಕೊಂಡು, ಫಾರಂ ತುಂಬುತ್ತಿದ್ದ ಗುರುಗಳ ಹೆಗಲ ಹತ್ತಿರ ನಿಂತು ಓದುತ್ತಿದ್ದ. ಮಗುವಿನ ಹೆಸರು, ತೂಕ, ಹಿಂದಿನ ಕಾಯಿಲೆ. ತಂದೆತಾಯಿ ರಕ್ತಸಂಬಂಧಿಗಳೇ? ಹೌದು ಒಂದು ಚೌಕ, ಇಲ್ಲ ಒಂದು ಚೌಕ. ಪೆನ್ನು ಅಲ್ಲಿ ಬಂದು ನಿಂತಾಗ ಸುದೀಪ ನಕ್ಕು, "ಅದನ್ನ ನಿಮ್ಮನ್ನ ಕೇಳ್ತಾರಾ ಸರ್? ನಿಮ್ಮ ಪಾಠ ಕೇಳಿದೋರು ನಾವು" ಎಂದ. ಆ ನಗುವಿನಲ್ಲಿ ಸೇಡಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ಹೌದು ಎಂದು ಬರೆಯಬಹುದಿತ್ತೇನೋ. ಇದ್ದದ್ದು ಬರೀ ಭಕ್ತಿ. ಗುರುಬಸವರಾಜ ಇಲ್ಲ ಎಂಬಲ್ಲಿ ಗುರುತು ಹಾಕಿ ಕೆಳಗೆ ಸಹಿ ಮಾಡಿದ. ಸಂಬಂಧದ ಮದುವೆ ಅಲ್ಲ, ತೂಕ ಅಷ್ಟೇನೂ ಕಡಿಮೆ ಇಲ್ಲ, ಹಾಗಾದರೆ ಅಲರ್ಜಿಯ ದಮ್ಮು ಎಂದು ಸುದೀಪ ಉಸಿರಿನೊಳಗೆ ಎಳೆದುಕೊಳ್ಳುವ ಪಂಪು ಬರೆದುಕೊಟ್ಟ. ಹದಿನಾಲ್ಕು ತಿಂಗಳು ಆ ಪಂಪು. ಬೆಂಗಳೂರಿನ ಸ್ಕ್ಯಾನಿನಲ್ಲಿ ಬಲಗಡೆಯ ಮೇಲ್ಭಾಗದ ಉಸಿರಿನ ಕೊಳವೆಗಳು ಹಿಗ್ಗಿಹೋಗಿದ್ದವು. ಹಿಗ್ಗಿದ್ದು ಹಿಂದಕ್ಕೆ ಬರುವುದಿಲ್ಲ, ಒಂದು ವರ್ಷ ಮೊದಲೇ ಬಂದಿದ್ದರೆ ಎಂದು ಡಾಕ್ಟರಮ್ಮ ವಾಕ್ಯವನ್ನು ಅರ್ಧಕ್ಕೇ ಬಿಟ್ಟಿದ್ದರು.

ಬಸ್ಸು ವಾಲಿತು. "ತಪ್ಪು ತಿಳೀಬ್ಯಾಡ್ರಿ" ಎಂದ ಮುದುಕ. ಗುರುಬಸವರಾಜ ಏಳು ದಿನದಿಂದ ದೇವರನ್ನು ಬೇಡಿಕೊಳ್ಳುತ್ತಿದ್ದ. ದೇವರಿದ್ದಾನೆಂದು ಅವನು ನಂಬಿದವನಲ್ಲ. ಆದರೂ ಸ್ನಾನದ ಮನೆಯಲ್ಲಿ, ಹಾಜರಿ ಕೂಗುವಾಗ, ಎರಡು ಹೆಸರುಗಳ ನಡುವೆ, ಆ ಗೆರೆ ಮೇಲೇಳಲಿ, ಉಳಿದ ಮೂರು ಚೂರುಗಳಲ್ಲಾದರೂ ಏಳಲಿ ಎಂದು. ಈಗ, ನ್ಯಾಮತಿ ಇನ್ನು ನಾಲ್ಕು ಮೈಲಿ ಇರುವಾಗ, ಆ ಬೇಡಿಕೆಯನ್ನು ಅವನು ಸ್ಲೈಡಿನ ಮೇಲಿಟ್ಟು ನೋಡುವ ಹಾಗೆ ಹತ್ತಿರದಿಂದ ನೋಡಿದ. ಗೆರೆ ಎದ್ದರೆ ರೋಗವಿಲ್ಲ. ರೋಗವಿಲ್ಲದಿದ್ದರೆ ಆ ಗುರುತಿನಿಂದ ಏನೂ ಕೆಟ್ಟಿಲ್ಲ. ಏನೂ ಕೆಡದಿದ್ದರೆ ಶಿವಲೀಲಾಗೆ ಎಂದೂ ಹೇಳಬೇಕಾಗಿಲ್ಲ. ಇಷ್ಟು ದಿನ ಅವನು ಬೇಡಿಕೊಂಡದ್ದು ಇದನ್ನು. ರೂಪಿ ಆ ಬೇಡಿಕೆಯ ಒಳಗೆ ಇದ್ದಳು, ಆದರೆ ಎಲ್ಲೋ ಮೂಲೆಯಲ್ಲಿ, ಷರ್ಟಿನ ಗುಂಡಿ ನೋಡುತ್ತ. ಹೇಳಿಬಿಡಬೇಕು. ಫಲಿತಾಂಶ ಏನೇ ಇರಲಿ, ಅದನ್ನು ಕೇಳುವ ಮೊದಲೇ ಹೇಳಿಬಿಡಬೇಕು; ಕೇಳಿದ ಮೇಲೆ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಶಿವಲೀಲಾ, ಆ ಫಾರಂ ತುಂಬಿದ್ದು ನಾನು. ಇಷ್ಟೇ ವಾಕ್ಯ. ಅದನ್ನು ಬಾಯೊಳಗೆ ನಾಲ್ಕೈದು ಸಲ ಹೇಳಿ ನೋಡಿದ. ಒಂದೊಂದು ಸಲಕ್ಕೂ ಅದು ಸ್ವಲ್ಪ ಚೆನ್ನಾಗುತ್ತ, ಸ್ವಲ್ಪ ದೊಡ್ಡ ಮನುಷ್ಯನ ಮಾತಿನಂತಾಗುತ್ತ ಬಂತು.

ಬಂಗಾರಮ್ಮ ಕಟ್ಟೆಯ ಮೇಲೆ ಪಕ್ಕದ ಮನೆಯವಳ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬರ್ರಿ, ಇದೇನು ಇಷ್ಟೊತ್ತಿಗೆ?" ಎಂದಳು. ಹೊರಗಿನವರ ಎದುರಿಗೆ ಅವನು ಅಳಿಯ. ಪಕ್ಕದವಳು ಎದ್ದು ಹೋದದ್ದೇ ದನಿ ಇಳಿಸಿ, "ಏನಂತೋ ಗುರು? ಹನ್ನೆರಡಕ್ಕೆ ಅವಳಿಗೊಂದು ಫೋನ್ ಬಂತು. ಆವಾಗಿಂದ ಬಾಯೇ ಬಿಟ್ಟಿಲ್ಲ. ಉಂಡೂ ಇಲ್ಲ. ಆ ಫೈಲ್ ಹರವಿಕೊಂಡು ಕೂತವಳು ಈಗ ಎದ್ದಳು" ಎಂದಳು. ಅವನು ಚಪ್ಪಲಿ ಬಿಡುತ್ತ ಗೋಡೆ ಹಿಡಿದುಕೊಂಡ. "ನಾನು ನಿಮ್ಮಿಬ್ಬರಿಗೂ ಕೆಟ್ಟದ್ದು ಬಯಸಿದ್ನೇನೋ?" ಎಂದಳು ಅಕ್ಕ, ಅವನನ್ನಲ್ಲ, ಮೊರದಲ್ಲಿದ್ದ ಕಾಳನ್ನು ಕೇಳುವ ಹಾಗೆ. "ನಮ್ಮ ಮನೆ ನಮ್ಮೋರೇ ಅಂತ ಕೊಟ್ಟೆ. ಎಲ್ಲರೂ ಕೊಡ್ತಾರಪ್ಪ." ಅವನು ಒಳಗೆ ಹೋದ.

ನಡುಮನೆಯಲ್ಲಿ ಶಿವಲೀಲಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ತೊಡೆಯ ಮೇಲೆ ಎರಡು ದಿಂಬು, ದಿಂಬಿನ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿದ ರೂಪಿ, ಅವಳ ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಕರಡಿ ಕುಣಿಯುತ್ತಿತ್ತು. "ಅಪ್ಪ ಬಂದ್ರು" ಎಂದು ರೂಪಿ ನೆಲಕ್ಕೆ ಹೇಳಿದಳು.

"ಆ ಹುಡುಗಿ ಮೂರು ಸಲ ಮಾಡಿದಳಂತೆ ನಿಮಗೆ" ಎಂದಳು ಶಿವಲೀಲಾ. "ಎತ್ತಲಿಲ್ಲ ಅಂತ ನಂಗೆ ಮಾಡಿದ್ಳು."

"ಏನಂದ್ಳು?"

"ನಾಲ್ಕಕ್ಕೆ ನಾಲ್ಕೂ ಏಳಲಿಲ್ಲ ಅಂದ್ಳು. ರೋಗ ಖಚಿತ ಅಂತೆ. ಸೋಮವಾರ ಬರಾಕೆ ಹೇಳಿದಾರೆ, ಔಷಧಿ ಬರೀತಾರೆ." ಅವಳ ದನಿ ಅಂಗಡಿಯ ಸಾಮಾನಿನ ಪಟ್ಟಿ ಓದಿ ಹೇಳುವಂತಿತ್ತು. "ಅತ್ತೇ ಬಿಟ್ಲು ಪಾಪ, ಹೇಳುವಾಗ. ನಾನೇ ಸಮಾಧಾನ ಮಾಡಿದೆ."

ಅವನು ಬಾಯಿ ತೆರೆದ. ಬಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟಿದ್ದ ವಾಕ್ಯ ಅಲ್ಲೇ ಇತ್ತು, ಆದರೆ ಅದರ ಮೇಲೆ ಅವನದೇ ಬೆರಳಚ್ಚುಗಳು ಕಾಣುತ್ತಿದ್ದವು. "ಶಿವಲೀಲಾ, ಆ ಫಾರಂ..."

"ನೋಡಿದೆ" ಎಂದಳು. "ಸಂಬಂಧದ ವಿಷಯ ರಿಪೋರ್ಟಿನಾಗೆ ತಿದ್ದಬೇಕು, ಮೊದಲು ಅದನ್ನ ಯಾರು ಬರೆದದ್ದು ಅಂತ ಕೇಳಿದ್ಳು. ತೆಗೆದು ನೋಡಿದೆ. ನಿಮ್ಮ ಸಹಿ."

ಫೋನಿನ ಕರಡಿ ಕೆಳಗೆ ಬಿತ್ತು. ರೂಪಿ ನಕ್ಕಳು, ನಗು ಮುಗಿಯುವ ಮೊದಲೇ ಕೆಮ್ಮಾಯಿತು. ಅದು ಮುಗಿಯುವವರೆಗೂ ಶಿವಲೀಲಾ ಅವಳ ಹಣೆ ಹಿಡಿದುಕೊಂಡಳು.

"ನಾನೇ ಬರೆದದ್ದು, ನೀವು ನೋಡದೆ ಸಹಿ ಹಾಕಿದ್ರಿ ಅಂತ ಹೇಳಿದೀನಿ" ಎಂದಳು ಶಿವಲೀಲಾ. "ಓದಾಕೆ ಸರಿಯಾಗಿ ಬರಲ್ಲ, ಗೊತ್ತಾಗದೆ ಹಾಕ್ಬಿಟ್ಟೆ ಮೇಡಂ ಅಂದೆ. ನಂಬಿದ್ಳು. ಸೋಮವಾರ ಡಾಕ್ಟರ ಹತ್ರಾನೂ ಹಂಗೇ ಹೇಳ್ತೀನಿ, ಅವತ್ತು ಹೆದರಿ ಯಾರೋ ಅಂದ್ಬಿಟ್ಟೆ ಅಂತ."

"ನೀನ್ಯಾಕೆ..."

"ಇನ್ನು ಮೇಲೆ ಆ ಡಾಕ್ಟರ ಎದುರಿಗೆ ತಿಂಗಳಿಗೊಂದು ಸಲ ನಿಲ್ಲಬೇಕಲ್ಲ. ಮಾತಾಡೋರು ನೀವು. ನಿಮ್ಮ ಮಾತು ನಂಬಬೇಕು ಅವರು. ನಂಬದೇ ಹೋದ್ರೆ ಇವಳಿಗೆ ನಷ್ಟ." ಅವಳು ಮೊದಲ ಸಲ ಅವನ ಮುಖ ನೋಡಿದಳು. ಅದರಲ್ಲಿ ಸಿಟ್ಟಿದೆಯೇ ಎಂದು ಅವನು ಆಸೆಯಿಂದ ಹುಡುಕಿದ. "ನಿಮಗೋಸ್ಕರ ಮಾಡಿದೆ ಅಂತ ತಿಳ್ಕೊಬ್ಯಾಡ್ರಿ. ಜಗಳ ಆಡಾಕೂ ನಂಗೆ ಪುರುಸೊತ್ತಿಲ್ಲ."

"ನನ್ನನ್ನ ಬೈದುಬಿಡು" ಎಂದ ಅವನು. ಹೇಳಿದ ಮೇಲೆ, ಅದು ಎಂಥ ಬೇಡಿಕೆ ಎಂದು ತಿಳಿಯಿತು.

"ಕೂತ್ಕೊಳ್ರಿ ಇಲ್ಲಿ" ಎಂದಳು. ಅವನು ಕೂತ. ಅವಳು ದಿಂಬುಗಳನ್ನೂ ಮಗುವನ್ನೂ ಹಾಗೆಯೇ ಎತ್ತಿ ಅವನ ತೊಡೆಯ ಮೇಲಿಟ್ಟು, ಅವನ ಬಲಗೈ ಹಿಡಿದು ಬೆರಳುಗಳನ್ನು ಮಡಿಚಿ ಬಟ್ಟಲಿನ ಹಾಗೆ ಮಾಡಿದಳು. ಹೋದ ವಾರ ಆಸ್ಪತ್ರೆಯಲ್ಲಿ ಅವಳು ಕಲಿತುಕೊಂಡು ಬಂದಿದ್ದ, ಬೆನ್ನು ತಟ್ಟಿ ಕಫ ಬಿಡಿಸುವ ಕೆಲಸ. ಕಲಿಸುವಾಗ ಅವನು ಲ್ಯಾಬಿನ ಪರದೆಯ ಮೇಲೆ ಗೆರೆ ನೋಡುತ್ತಿದ್ದ. "ಬಲಗಡೆ, ಮೇಲೆ. ಬೆನ್ನೆಲುಬು ಬಿಟ್ಟು. ಹತ್ತು ನಿಮಿಷ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

ಅವನು ತಟ್ಟಿದ.

"ಇದು ನಿದ್ದೆ ಮಾಡಿಸೋ ಪೆಟ್ಟು. ಕಫ ಕದಲಾಕಿಲ್ಲ. ಜೋರಾಗಿ."

ಷರ್ಟಿಲ್ಲದ ಆ ಬೆನ್ನು ಅವನ ಅಂಗೈಗಿಂತ ಸ್ವಲ್ಪವೇ ದೊಡ್ಡದಿತ್ತು. ಹಕ್ಕಿಯ ಹಾಗೆ ಪಕ್ಕೆಲುಬುಗಳು. ಅವನು ಎಂದೂ ಅವಳನ್ನು ಹೊಡೆದವನಲ್ಲ. ಸ್ವ‌ಲ್ಪ ಜೋರಾಗಿ ಹೊಡೆದ. ಟೊಳ್ಳು ಸದ್ದು ಬಂತು.

"ಇನ್ನೂ" ಎಂದಳು ಶಿವಲೀಲಾ.

"ಎಷ್ಟು ದಿನ ಮಾಡಬೇಕಂತೆ?" ಎಂದು ಕೇಳಿದ. ಕೇಳಿದ ಕೂಡಲೇ, ಅದು ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ ತನಗೆ ಗೊತ್ತಿರುವ ಉತ್ತರವೆಂದು ತಿಳಿಯಿತು.

"ಇರೋವಷ್ಟು ದಿನ" ಎಂದಳು ಅವಳು.

ಅವನು ಹೊಡೆದ. ರೂಪಿಗೆ ಅದೊಂದು ಆಟ. ಬಾಯಿ ತೆರೆದು "ಆ" ಎಂದು ಉದ್ದಕ್ಕೆ ಎಳೆದಳು. ಒಂದೊಂದು ಪೆಟ್ಟಿಗೂ ಆ ದನಿ ತುಂಡಾಗಿ, ಆ, ಆ, ಆ, ಎಂದು ಬರುತ್ತಿತ್ತು. "ಅಜ್ಜೀ, ಅಪ್ಪ ಹೊಡೀತಾರೆ" ಎಂದು ನಗುತ್ತ ಹೊರಗೆ ಕೂಗಿದಳು. ಹೊರಗೆ ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಆಮೇಲೆ ದನಿಯ ತಳದಲ್ಲಿ ಏನೋ ಕದಲಿ, ಕೆಮ್ಮು ಶುರುವಾಯಿತು. ಇಡೀ ಮೈ ದಿಂಬಿನ ಮೇಲೆ ಎಗರುವಂಥ, ಉಸಿರು ತೆಗೆದುಕೊಳ್ಳಲು ಬಿಡದ ಕೆಮ್ಮು. ಬೆನ್ನು ಕೆಂಪಾಗಿತ್ತು, ಕೆಂಪಿನೊಳಗೆ ಅವನ ಬೆರಳುಗಳ ಗುರುತಿತ್ತು. ಅವನ ಕೈ ಗಾಳಿಯಲ್ಲೇ ನಿಂತಿತು.

"ನಿಲ್ಲಿಸಬ್ಯಾಡ್ರಿ" ಎಂದಳು ಶಿವಲೀಲಾ, ಮಗುವಿನ ಬಾಯ ಕೆಳಗೆ ಬಟ್ಟಲು ಹಿಡಿದು. "ಹೊಡೀರಿ."

ಅವನು ಹೊಡೆದ.